ವಿಳಾಸ ಬೇರೆ, ಗುರುತು ಬೇರೆ: ನೆಟ್‌ವರ್ಕ್ ಸ್ಟೋರೇಜ್ ಪಾಠವೊಂದರ ಅನುಭವ

ಪೀಠಿಕೆ

ಇಂಟರ್ನ್‌ಶಿಪ್‌ನ ಮೂರನೇ ವಾರ ನಾನು ತರಿಸಿದ ನೆಟ್‌ವರ್ಕ್ ಕೇಬಲ್ ಬೇಗೂರಿಗೆ ಬರಲಿಲ್ಲ. ವಿಚಾರಿಸಿದರೆ, ಅದು ಬೇಗೂರಿಗೇ ಹೋಗಿತ್ತು, ಆದರೆ ಬೆಂಗಳೂರಿನ ಬೇಗೂರಿಗೆ. ತಪ್ಪು ನನ್ನದೇ. ಊರಿನ ಹೆಸರು ಸರಿಯಾಗಿ ಬರೆದು, ಪಿನ್ ಕೋಡನ್ನು ಹಳೆಯ ಅಭ್ಯಾಸದಂತೆ 560ರಿಂದ ಶುರುವಾಗುವುದನ್ನು ಹಾಕಿದ್ದೆ. ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಸಿಗುವ ನಮ್ಮ ಬೇಗೂರಿನ ಪಿನ್ ಶುರುವಾಗುವುದು 571ರಿಂದ. ಹೆಸರು ಎರಡೂ ಊರಿಗೆ ಒಂದೇ. ಅಂಚೆಯವರಿಗೆ ದಾರಿ ತೋರಿಸುವುದು ಸಂಖ್ಯೆ.

ಈ ಪೆಚ್ಚುಮೋರೆಯ ಪ್ರಸಂಗವನ್ನೇ ಮರುದಿನ 9ನೇ ತರಗತಿಯ ಕಂಪ್ಯೂಟರ್ ಅವಧಿಗೆ ಪ್ರವೇಶವಾಗಿ ಬಳಸಿಕೊಂಡೆ. ಪಾಠದ ವಿಷಯ: ನೆಟ್‌ವರ್ಕ್‌ಗೆ ಸೇರಿದ ಸ್ಟೋರೇಜ್ ಕಂಟ್ರೋಲರಿಗೆ ವಿಳಾಸ ಮತ್ತು ಗುರುತು ಕೊಡುವುದು ಹೇಗೆ. ಪಠ್ಯಪುಸ್ತಕದಲ್ಲಿ ಇಲ್ಲದ ವಿಷಯವನ್ನು ಏಕೆ ಆರಿಸಿಕೊಂಡೆ, ಯಾವ ಉದಾಹರಣೆ ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ಐಸಿಟಿ ಪತ್ರಿಕೆಯನ್ನು ನಾವೆಲ್ಲರೂ ಓದುತ್ತೇವೆ. ಆದರೆ ಶಾಲೆಯ ಲ್ಯಾಬಿನಲ್ಲಿ ಒಂದು ಪೆಟ್ಟಿಗೆ ತೆರೆಯದಿದ್ದಾಗ ಏನು ಮಾಡಬೇಕೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರುವುದಿಲ್ಲ.

'ಕೆಟ್ಟಿದೆ' ಎಂಬ ಚೀಟಿ

ನಾನು ಅಭ್ಯಾಸ ಬೋಧನೆಗೆ ಹೋದ ಪ್ರೌಢಶಾಲೆಯ ಲ್ಯಾಬಿನಲ್ಲಿ ಕೆಲವು ಕಂಪ್ಯೂಟರುಗಳು, ಒಂದು ಪ್ರಿಂಟರ್, ಮತ್ತು ಹಳೆಯ ವಿದ್ಯಾರ್ಥಿಗಳು ಕೊಡಿಸಿದ ಒಂದು ಸ್ಟೋರೇಜ್ ಪೆಟ್ಟಿಗೆ ಇದ್ದವು. ಪೆಟ್ಟಿಗೆಯೊಳಗೆ ಎರಡು ಹಾರ್ಡ್ ಡಿಸ್ಕ್. ಯಾವ ಕಂಪ್ಯೂಟರಿನಿಂದ ಬೇಕಾದರೂ ಅದರೊಳಗಿನ ಕಡತ ತೆರೆಯಬಹುದು. ಅದರ ಮೇಲೆ 'ಕೆಟ್ಟಿದೆ' ಎಂಬ ಚೀಟಿ ಅಂಟಿಸಿತ್ತು. ಬೇಸಿಗೆ ರಜೆ ಮುಗಿದ ಮೇಲೆ ಅದು ಒಮ್ಮೆ ಸಿಗುತ್ತಿತ್ತು, ಒಮ್ಮೆ ಸಿಗುತ್ತಿರಲಿಲ್ಲ. ಕೊನೆಗೆ ಎಲ್ಲರೂ ಕೈಬಿಟ್ಟಿದ್ದರು.

ಅದರೊಳಗೆ ಏನಿದೆ ಎಂದು ಮಾರ್ಗದರ್ಶಕ ಶಿಕ್ಷಕರನ್ನು ಕೇಳಿದೆ. ಹಿಂದಿನ ವರ್ಷಗಳ ವಿಜ್ಞಾನ ಪ್ರಾಜೆಕ್ಟುಗಳು, ಪ್ರಶ್ನೆಪತ್ರಿಕೆಗಳು, ಜೊತೆಗೆ ಮಕ್ಕಳು ತಮ್ಮ ಅಜ್ಜಿಯರಿಂದ ಹಾಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದ ಸೋಬಾನೆ ಪದಗಳು. 'ಹಾಡಿದವರಲ್ಲಿ ಇಬ್ಬರು ಈಗಿಲ್ಲ. ಆ ಧ್ವನಿ ಇರೋದು ಇದರಲ್ಲಿ ಮಾತ್ರ' ಎಂದರು. ಅಲ್ಲಿಗೆ ನನ್ನ ಪಾಠದ ವಿಷಯ ನಿರ್ಧಾರವಾಯಿತು.

ಬಿ.ಎಸ್ಸಿ. ಮುಗಿದ ಮೇಲೆ ಬಿ.ಇಡಿ.ಗೆ ಸೇರುವ ಮೊದಲು ನಾನು ಎರಡು ವರ್ಷ ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿ ರಾತ್ರಿಪಾಳಿಯಲ್ಲಿ ಕೆಲಸ ಮಾಡಿದ್ದೆ. ಇಂಥ ಪೆಟ್ಟಿಗೆಗಳ ದೊಡ್ಡಣ್ಣಂದಿರನ್ನು ನೋಡಿಕೊಳ್ಳುವುದೇ ಕೆಲಸ. ಆದ್ದರಿಂದ ಪೆಟ್ಟಿಗೆ ಕೆಟ್ಟಿರಲಾರದೆಂಬ ಅನುಮಾನ ಇತ್ತು. ಆದರೆ ನಾನೇ ಸರಿಮಾಡಿ ತೋರಿಸಿದರೆ ಅದು ರಿಪೇರಿಯಾಗುತ್ತದೆ, ಪಾಠವಾಗುವುದಿಲ್ಲ. ಮಕ್ಕಳೇ ಹುಡುಕಲಿ ಎಂದು 5ಇ ಮಾದರಿಯಲ್ಲಿ ಎರಡು ಅವಧಿಗಳ ಪಾಠಯೋಜನೆ ಬರೆದೆ.

ತೊಡಗಿಸಿಕೊಳ್ಳುವಿಕೆ: ಚೀಟಿ ಆಟ

ಮೊದಲು ಎರಡು ಬಗೆಯ ಚೀಟಿ ಮಾಡಿದೆ. ಒಂದು ಬಗೆಯ ಚೀಟಿಯ ಮೇಲೆ 'ಮೂರನೇ ಸಾಲು, ಎರಡನೇ ಜಾಗ' ಎಂಬಂತೆ ಬರೆದಿತ್ತು. ಇನ್ನೊಂದು ಬಗೆಯ ಚೀಟಿಯ ಮೇಲೆ ಆಟಕ್ಕೆಂದು ಪ್ರತಿ ಮಗುವಿಗೂ ಕೊಟ್ಟಿದ್ದ ಒಂದು ಸಂಖ್ಯೆ ಇತ್ತು. ಹಂಚುವ ಕೆಲಸ ತರಗತಿಯ ಇಬ್ಬರು ಲೀಡರುಗಳದು. ಮೊದಲ ಸಲ ಎಲ್ಲ ಚೀಟಿಗಳೂ ಸರಿಯಾಗಿ ತಲುಪಿದವು. ಆಮೇಲೆ ಮಕ್ಕಳನ್ನು ಜಾಗ ಬದಲಿಸಿ ಕೂರಿಸಿದೆ. ಈ ಸಲ ಸಾಲಿನ ಚೀಟಿಗಳು ಬೇಗನೆ ತಲುಪಿದವು, ಆದರೆ ಬೇರೆಯವರಿಗೆ. ಸಂಖ್ಯೆಯ ಚೀಟಿಗಳು ಸರಿಯಾದವರಿಗೇ ತಲುಪಿದವು, ಆದರೆ ತಡವಾಗಿ. ಲೀಡರುಗಳು ಒಬ್ಬೊಬ್ಬರನ್ನೂ ಕೇಳಿಕೊಂಡು ಓಡಾಡಬೇಕಾಯಿತು.

ಈ ಎರಡು ಅನುಭವಗಳೇ ಪಾಠದ ತಿರುಳು. ವಿಳಾಸ ಎಂದರೆ 'ಎಲ್ಲಿ' ಎಂಬುದಕ್ಕೆ ಉತ್ತರ. ಬೇಗ ತಲುಪಿಸುತ್ತದೆ, ಜಾಗ ಬದಲಾದರೆ ಬದಲಾಗುತ್ತದೆ. ಗುರುತು ಎಂದರೆ 'ಯಾರು' ಎಂಬುದಕ್ಕೆ ಉತ್ತರ. ಜಾಗ ಬದಲಾದರೂ ಉಳಿಯುತ್ತದೆ, ಆದರೆ ದಾರಿ ತೋರಿಸುವುದಿಲ್ಲ. ಎರಡೂ ಬೇಕು, ಒಂದರ ಕೆಲಸ ಇನ್ನೊಂದು ಮಾಡಲಾರದು.

ಇಲ್ಲಿ ನನ್ನ ಮೊದಲ ಕರಡಿನಲ್ಲಿದ್ದ ಒಂದು ತಪ್ಪನ್ನು ಹೇಳಲೇಬೇಕು. ಆಟಕ್ಕೆ ಮಕ್ಕಳ ನಿಜವಾದ ಸ್ಯಾಟ್ಸ್ ಸಂಖ್ಯೆಗಳನ್ನೇ ಬಳಸಿ, ಹಲಗೆಯ ಮೇಲೆ ಬರೆಯೋಣವೆಂದುಕೊಂಡಿದ್ದೆ. ಮಾರ್ಗದರ್ಶಕರು ಪಾಠಯೋಜನೆ ನೋಡಿ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಮಗುವಿನ ಗುರುತಿನ ಸಂಖ್ಯೆ ಹಲಗೆಯ ಮೇಲೆ ಬರೆಯುವ ವಸ್ತುವಲ್ಲ. ಗುರುತಿನ ಪಾಠ ಮಾಡುವವರೇ ಗುರುತನ್ನು ಜೋಪಾನ ಮಾಡದಿದ್ದರೆ ಹೇಗೆ? ಆದ್ದರಿಂದ ಆಟದ ಸಂಖ್ಯೆಗಳನ್ನು ಹೊಸದಾಗಿ ಮಾಡಿದೆ.

ಅನ್ವೇಷಣೆ: ಪೆಟ್ಟಿಗೆ ಏಕೆ ಕಣ್ಣಾಮುಚ್ಚಾಲೆ ಆಡುತ್ತದೆ?

ನಂತರ ಮಕ್ಕಳನ್ನು ಗುಂಪು ಮಾಡಿ ಲ್ಯಾಬಿಗೆ ಕರೆದೊಯ್ದೆ. ಒಂದೊಂದೇ ಸಾಧನವನ್ನು ಹಚ್ಚಿ, ಪೆಟ್ಟಿಗೆ ಸಿಗುತ್ತದೆಯೇ ಎಂದು ನೋಡಿ ಬರೆದುಕೊಳ್ಳಲು ಹೇಳಿದೆ. ಅರ್ಧ ಗಂಟೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಮಿಸ್, ಪ್ರಿಂಟರ್ ಹಾಕಿದ್ರೆ ಪೆಟ್ಟಿಗೆ ಸಿಕ್ಕಲ್ಲ. ತೆಗೆದ್ರೆ ಸಿಕ್ತದೆ' ಎಂದಳು. ದೊಡ್ಡವರು ಮೂರು ತಿಂಗಳು ನೋಡಿರದ ಸಂಗತಿ ಅದು.

ಪ್ರಿಂಟರಿನ ವಿಳಾಸವನ್ನು ಅದರ ಪರದೆಯ ಮೇಲೆ ನೋಡಿದೆವು: 192.168.1.20. ಪೆಟ್ಟಿಗೆಯ ಕೆಳಗೆ ಯಾರೋ ಪೆನ್ನಿನಲ್ಲಿ ಬರೆದಿಟ್ಟಿದ್ದ ವಿಳಾಸವೂ 192.168.1.20. ಒಂದೇ ಮನೆ ನಂಬರನ್ನು ಎರಡು ಮನೆಗೆ ಬರೆದಂತಾಗಿತ್ತು. ಆದದ್ದು ಇಷ್ಟು: ಪೆಟ್ಟಿಗೆಗೆ ಈ ವಿಳಾಸವನ್ನು ಹಿಂದೆ ಕೈಯಿಂದ ಹಾಕಿದ್ದರು. ರಜೆಯಲ್ಲಿ ಅದನ್ನು ಆರಿಸಿಟ್ಟಾಗ ಹೊಸ ರೌಟರ್ ಬಂತು. ರೌಟರಿನೊಳಗೆ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಇರುತ್ತದೆ. ಬಂದ ಸಾಧನಗಳಿಗೆ ಖಾಲಿ ಇರುವ ವಿಳಾಸ ಹಂಚುವುದು ಅದರ ಕೆಲಸ. ಪೆಟ್ಟಿಗೆ ಆರಿದ್ದರಿಂದ 20 ಖಾಲಿ ಇದೆಯೆಂದು ತಿಳಿದು ಅದನ್ನು ಪ್ರಿಂಟರಿಗೆ ಕೊಟ್ಟಿತ್ತು. ಪೆಟ್ಟಿಗೆ ಕೆಟ್ಟಿರಲಿಲ್ಲ.

ಇದನ್ನೇ ಮತ್ತೆ ಆಟವಾಗಿ ಮಾಡಿಸಿದೆ. ನೆಟ್‌ವರ್ಕಿನಲ್ಲಿ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕಳಿಸುವ ಮೊದಲು '192.168.1.20 ಯಾರು?' ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಆ ವಿಳಾಸದವರು 'ನಾನು' ಎಂದು ತಮ್ಮ ಮ್ಯಾಕ್ ಸಂಖ್ಯೆಯನ್ನು ಹೇಳುತ್ತಾರೆ. ಈ ಕೂಗಿಗೆ ಎಆರ್‌ಪಿ ಎಂದು ಹೆಸರು. ಇಬ್ಬರು ಮಕ್ಕಳಿಗೆ 20 ಎಂಬ ಒಂದೇ ಕಾರ್ಡು ಕೊಟ್ಟು ಮೂರನೆಯವನಿಗೆ ಕೂಗಲು ಹೇಳಿದೆ. ಇಬ್ಬರೂ 'ನಾನು' ಎಂದರು. 'ಇಬ್ರೂ ನಾನು ಅಂದ್ರೆ ಯಾರಿಗ್ ಕೊಡ್ಲಿ ಮಿಸ್?' ಎಂದ ಅವನು. ಕಂಪ್ಯೂಟರಿನ ಪಾಡೂ ಅದೇ. ಯಾರ ಉತ್ತರವನ್ನು ಇಟ್ಟುಕೊಂಡಿತೋ ಅವರಿಗೇ ಹೋಗುತ್ತದೆ. ಒಮ್ಮೆ ಸಿಗುವುದು, ಒಮ್ಮೆ ಸಿಗದಿರುವುದು ಇದರಿಂದಲೇ.

ವಿವರಿಸುವಿಕೆ: ಸಂಖ್ಯೆಗಳೊಳಗೆ ಏನಿದೆ

ಐಪಿ ವಿಳಾಸದಲ್ಲಿ ನಾಲ್ಕು ಸಂಖ್ಯೆಗಳು, ಪ್ರತಿಯೊಂದೂ 0ರಿಂದ 255ರವರೆಗೆ. ಏಕೆ 255? ಪ್ರತಿ ಸಂಖ್ಯೆಗೂ 8 ದ್ವಿಮಾನ ಅಂಕಿಗಳ ಜಾಗ, ಎರಡರ ಎಂಟನೇ ಘಾತ 256. ಒಟ್ಟು 32 ಬಿಟ್, ಅಂದರೆ ಸುಮಾರು 429 ಕೋಟಿ ವಿಳಾಸಗಳು. ಘಾತಸಂಖ್ಯೆಗಳ ಅಧ್ಯಾಯಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ನನಗೆ ಸಿಕ್ಕಿಲ್ಲ. ಜಗತ್ತಿಗೆಲ್ಲ ಇಷ್ಟು ಸಾಲದು. ಆದ್ದರಿಂದ 192.168ರಿಂದ ಶುರುವಾಗುವಂಥ ಕೆಲವು ವಿಳಾಸಗಳನ್ನು ಮನೆಯೊಳಗೆ, ಶಾಲೆಯೊಳಗೆ ಮಾತ್ರ ಬಳಸಲು ಬಿಟ್ಟಿದ್ದಾರೆ. 1996ರಲ್ಲಿ ಬಂದ ನಿಯಮ ಇದು. ನಮ್ಮ ಶಾಲೆಯ 192.168.1.20 ಬೇರೆ ಶಾಲೆಯಲ್ಲೂ ಇರಬಹುದು, ತೊಂದರೆಯಿಲ್ಲ. ಪ್ರತಿ ಶಾಲೆಯ 9ನೇ ತರಗತಿಯಲ್ಲೂ ರೋಲ್ ನಂಬರ್ 20 ಇರುವುದಿಲ್ಲವೇ, ಹಾಗೆ.

ವಿಳಾಸದ ಜೊತೆಗೆ ಸಬ್‌ನೆಟ್ ಮಾಸ್ಕ್ ಎಂಬುದನ್ನು ಹಾಕಬೇಕು. 255.255.255.0 ಎಂದರೆ ಮೊದಲ ಮೂರು ಸಂಖ್ಯೆಗಳು ಬೀದಿ, ಕೊನೆಯದು ಮನೆ. ಬೀದಿಯಲ್ಲಿ 256 ಸಂಖ್ಯೆಗಳಿದ್ದರೂ 0 ಬೀದಿಯ ಹೆಸರಿಗೆ, 255 ಎಲ್ಲರಿಗೂ ಸಾರುವುದಕ್ಕೆ ಮೀಸಲು, ಉಳಿದದ್ದು 254. ಗೇಟ್‌ವೇ ಎಂದರೆ ಬೀದಿಯಿಂದ ಹೊರಗೆ ಹೋಗುವ ಬಾಗಿಲು. ಪಿನ್ ಕೋಡೂ ಹೀಗೆಯೇ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್‌ನಲ್ಲಿ ಮೊದಲ ಮೂರು ಅಂಕಿ ಯಾವ ಕಡೆಗೆ ಎಂದು ಹೇಳಿದರೆ, ಕೊನೆಯ ಮೂರು ಯಾವ ಅಂಚೆ ಕಚೇರಿ ಎಂದು ಹೇಳುತ್ತವೆ.

ಈಗ ಗುರುತಿನ ಕಡೆ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲಿಯೇ ಒಂದು ಮ್ಯಾಕ್ ಸಂಖ್ಯೆ ಬಿದ್ದಿರುತ್ತದೆ. 48 ಬಿಟ್, ಬರೆಯುವಾಗ 12 ಷೋಡಶಮಾನ ಅಂಕಿಗಳು, ಅಂದರೆ 0ರಿಂದ 9 ಮತ್ತು ಎಯಿಂದ ಎಫ್. ಮೊದಲ ಆರು ಅಂಕಿ ತಯಾರಕರದು. ಇದನ್ನು ಐಇಇಇ ಸಂಸ್ಥೆ ಹಂಚುತ್ತದೆ. ಉಳಿದ ಆರು ಅಂಕಿಗಳನ್ನು ಒಂದು ಕಾರ್ಡಿಗೆ ಕೊಟ್ಟದ್ದನ್ನು ಇನ್ನೊಂದಕ್ಕೆ ಕೊಡದಂತೆ ನೋಡಿಕೊಳ್ಳುವುದು ತಯಾರಕರ ಹೊಣೆ. ನಮ್ಮ ಶಾಲೆಗಳ 11 ಅಂಕಿಯ ಯುಡೈಸ್ ಸಂಖ್ಯೆಯೂ ಹೀಗೆ ಹಂತಹಂತವಾಗಿ ಹಂಚಿದ್ದು. ಅದರ ಮೊದಲ ಎರಡು ಅಂಕಿ 29 ಆಗಿದ್ದರೆ ಕರ್ನಾಟಕ.

ಪಾಠದ ನಡುವೆ ಒಬ್ಬ ಹುಡುಗ ಕೇಳಿದ ಪ್ರಶ್ನೆ ನನ್ನ ಯೋಜನೆಯಲ್ಲಿ ಇರಲಿಲ್ಲ: 'ಮೊಬೈಲ್ ನಂಬರು ವಿಳಾಸವೋ ಗುರುತೋ?' ತಕ್ಷಣ ಉತ್ತರ ಹೇಳದೆ ತರಗತಿಗೇ ಬಿಟ್ಟೆ. 'ನಂಬರು ಸಿಮ್ಮಿಂದು, ಫೋನಿಂದಲ್ಲ' ಎಂದರು ಒಬ್ಬರು. 'ಕಂಪನಿ ಬದ್ಲಾಯ್ಸಿದ್ರೂ ನಮ್ಮಪ್ಪನ ನಂಬರು ಅದೇ' ಎಂದರು ಇನ್ನೊಬ್ಬರು. ಫೋನಿಗೆ ಬೇರೆಯೇ 15 ಅಂಕಿಯ ಐಎಂಇಐ ಗುರುತು ಇದೆ ಎಂದು ನಾನು ಸೇರಿಸಿದೆ. ಮೊದಲು ಮೊಬೈಲ್ ಸಂಖ್ಯೆಯ ಆರಂಭದ ಅಂಕಿಗಳನ್ನು ನೋಡಿಯೇ ಯಾವ ಕಂಪನಿ, ಯಾವ ವಲಯ ಎಂದು ಹೇಳಬಹುದಿತ್ತು. ಆಗ ಅದರಲ್ಲಿ ವಿಳಾಸದ ಅಂಶ ಹೆಚ್ಚು. 2011ರ ಜನವರಿಯಲ್ಲಿ ದೇಶದಾದ್ಯಂತ ನಂಬರ್ ಪೋರ್ಟಬಿಲಿಟಿ ಬಂದ ಮೇಲೆ ಅದು ಗುರುತಿನ ಕಡೆಗೆ ವಾಲಿತು. ಅಂದರೆ ಒಂದು ಸಂಖ್ಯೆ ವಿಳಾಸವೋ ಗುರುತೋ ಎಂಬುದನ್ನು ನಾವು ಅದನ್ನು ಹೇಗೆ ಬಳಸುತ್ತೇವೆ, ಯಾರು ದಾಖಲೆ ಇಡುತ್ತಾರೆ ಎಂಬುದು ನಿರ್ಧರಿಸುತ್ತದೆ.

ವಿಸ್ತರಿಸುವಿಕೆ: ಎರಡು ಕಂಟ್ರೋಲರಿನ ಪೆಟ್ಟಿಗೆ

ಶಾಲೆಯ ಪೆಟ್ಟಿಗೆಯಲ್ಲಿ ಕಂಟ್ರೋಲರ್ ಒಂದೇ. ಡಿಸ್ಕುಗಳ ಮುಂದೆ ಕುಳಿತು, ಹೊರಗಿನಿಂದ ಬಂದ ಕೋರಿಕೆಯನ್ನು ಯಾವ ಡಿಸ್ಕಿನ ಯಾವ ಭಾಗಕ್ಕೆ ಕಳಿಸಬೇಕೆಂದು ನೋಡುವ ಸಣ್ಣ ಕಂಪ್ಯೂಟರ್ ಅದು. ಬ್ಯಾಂಕು, ಆಸ್ಪತ್ರೆ, ಡೇಟಾ ಸೆಂಟರುಗಳ ದೊಡ್ಡ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಎ ಮತ್ತು ಬಿ ಎಂಬ ಎರಡು ಕಂಟ್ರೋಲರುಗಳಿರುತ್ತವೆ. ಎ ನಿಂತರೆ ಬಿ ಕೆಲಸ ವಹಿಸಿಕೊಳ್ಳುತ್ತದೆ. ಎರಡಕ್ಕೂ ಬೇರೆ ಬೇರೆ ವಿಳಾಸ, ಹಿಂದಿರುವ ಡಿಸ್ಕುಗಳು ಮಾತ್ರ ಅವೇ.

ಹಿಂದೆ ಸ್ಕಸಿ ಎಂಬ ಅಗಲ ಪಟ್ಟಿಯ ಕೇಬಲಿನ ಕಾಲದಲ್ಲಿ ಗುರುತು ಎಂದರೆ 0ರಿಂದ 7ರವರೆಗಿನ ಒಂದು ಅಂಕಿ. ಡಿಸ್ಕಿನ ಹಿಂದಿನ ಪುಟ್ಟ ಜಂಪರ್ ಸಿಕ್ಕಿಸಿ ಅದನ್ನು ಇಡುತ್ತಿದ್ದರು. ಕಂಟ್ರೋಲರ್ ವಾಡಿಕೆಯಂತೆ 7 ತೆಗೆದುಕೊಳ್ಳುತ್ತಿತ್ತು, ಆ ಅಂಕಿಗೆ ಆದ್ಯತೆ ಹೆಚ್ಚು. ಆಮೇಲೆ ಅದೇ ಸ್ಕಸಿ ಭಾಷೆಯನ್ನು ಸಾಮಾನ್ಯ ನೆಟ್‌ವರ್ಕ್ ಮೇಲೆ ಕಳಿಸುವ ಐಸ್ಕಸಿ ಬಂತು. ಅದರ ಮೊದಲ ಮಾನದಂಡ ಪ್ರಕಟವಾದದ್ದು 2004ರಲ್ಲಿ. ಈಗ ಜಂಪರ್ ಇಲ್ಲ, ಉದ್ದನೆಯ ಹೆಸರು ಇದೆ. ಅದಕ್ಕೆ ಐಕ್ಯೂಎನ್ ಎನ್ನುತ್ತಾರೆ. ಯಂತ್ರದಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿರುತ್ತದೆ. ನಮ್ಮ ಲಿಪಿಯಲ್ಲಿ ಬರೆದರೆ ಹೀಗೆ:

ಐಕ್ಯೂಎನ್.2024-06.ಇನ್.ನಮ್ಮಶಾಲೆ:ಪೆಟ್ಟಿಗೆ1

ಮೊದಲು ಬಗೆ, ಆಮೇಲೆ ವರ್ಷ-ತಿಂಗಳು, ಆಮೇಲೆ ಹಿಂದುಮುಂದಾಗಿ ಬರೆದ ಡೊಮೈನ್ ಹೆಸರು, ಕೋಲನ್ ಆದ ಮೇಲೆ ನಾವು ಕೊಡುವ ಹೆಸರು. ವರ್ಷ ಏಕೆ? ಡೊಮೈನ್ ಹೆಸರನ್ನು ಇಂದು ಒಬ್ಬರು ಇಟ್ಟುಕೊಂಡು ನಾಳೆ ಬಿಡಬಹುದು, ಬೇರೆಯವರು ಕೊಳ್ಳಬಹುದು. 'ಆ ತಿಂಗಳಲ್ಲಿ ಈ ಹೆಸರು ಯಾರದಾಗಿತ್ತೋ ಅವರು ಕೊಟ್ಟದ್ದು' ಎಂದು ಹೇಳಿದರೆ ಗೊಂದಲವಿಲ್ಲ. ಫೈಬರ್ ಚಾನೆಲ್ ಎಂಬ ಬೇರೆ ಬಗೆಯ ಜಾಲದಲ್ಲಿ ಇದೇ ಕೆಲಸವನ್ನು 16 ಷೋಡಶಮಾನ ಅಂಕಿಗಳ ಡಬ್ಲ್ಯೂಡಬ್ಲ್ಯೂಎನ್ ಮಾಡುತ್ತದೆ. ಅದರಲ್ಲಿ ಇಡೀ ಸಾಧನಕ್ಕೆ ಒಂದು, ಒಂದೊಂದು ಪೋರ್ಟಿಗೂ ಒಂದೊಂದು.

ಪೆಟ್ಟಿಗೆಯೊಳಗಿನ ಜಾಗವನ್ನು ಹೋಳು ಮಾಡಿ ಹಂಚಿದಾಗ ಪ್ರತಿ ಹೋಳಿಗೂ ಲನ್ ಎಂಬ ಸಂಖ್ಯೆ. ಇದನ್ನು ಪಹಣಿಯ ಉದಾಹರಣೆಯಿಂದ ಹೇಳಿದೆ. ಜಮೀನಿಗೆ ಸರ್ವೆ ನಂಬರ್, ಅದರೊಳಗೆ ಭಾಗವಾದರೆ ಹಿಸ್ಸಾ ನಂಬರ್. 'ಕೆರೆ ಹಿಂದಿನ ಹೊಲ' ಎಂದರೆ ದಾರಿ ಸಿಗುತ್ತದೆ, ಆದರೆ ನೋಂದಣಿ ಕಚೇರಿಯಲ್ಲಿ ನಡೆಯದು. ಹೊಲ ಮಾರಿದರೆ ಖಾತೆದಾರರ ಹೆಸರು ಬದಲಾಗುತ್ತದೆ, ಸರ್ವೆ ನಂಬರ್ ಹಾಗೆಯೇ ಇರುತ್ತದೆ. ನೆಟ್‌ವರ್ಕ್ ಉದಾಹರಣೆಗಿಂತ ಇದು ಮಕ್ಕಳಿಗೆ ಬೇಗ ಹತ್ತಿತು. ಬೆಳೆಸಾಲದ ಕಾಗದ ಹಿಡಿದು ಓಡಾಡುವ ಮನೆಗಳ ಮಕ್ಕಳು ಅವರು.

ಈಗ ಮುಖ್ಯವಾದ ಪ್ರಶ್ನೆ. ಎ ಮತ್ತು ಬಿ ಎರಡೂ ದಾರಿಯಿಂದ ಒಂದು ಸರ್ವರ್ ಒಂದೇ ಲನ್‌ಗೆ ಬಂದರೆ ಅದಕ್ಕೆ ಎರಡು ಡಿಸ್ಕ್ ಕಾಣುತ್ತದೆ. ನಿಜದಲ್ಲಿ ಇರುವುದು ಒಂದೇ. ವಿಳಾಸವನ್ನು ಮಾತ್ರ ನೋಡಿದರೆ 'ಎರಡು' ಎಂದು ನಂಬಿ ಎರಡೂ ಕಡೆಯಿಂದ ಬರೆದು ಕಡತ ಹಾಳುಮಾಡಬಹುದು. ಆದ್ದರಿಂದ ಸರ್ವರ್ ಆ ಹೋಳಿನ ಸ್ವಂತ ಗುರುತನ್ನು ಕೇಳಿ ನೋಡುತ್ತದೆ. ಎರಡೂ ದಾರಿಯಲ್ಲಿ ಅದೇ ಗುರುತು ಬಂದರೆ 'ಇದು ಒಂದೇ ಡಿಸ್ಕ್, ದಾರಿ ಎರಡು' ಎಂದು ತಿಳಿಯುತ್ತದೆ. ಇದೇ ಮಲ್ಟಿಪಾತ್.

ಇದರ ಉಲ್ಟಾ ತಪ್ಪನ್ನು ನಾನೇ ಮಾಡಿದ್ದೇನೆ. ಹಳೆಯ ಕೆಲಸದಲ್ಲಿ ಒಂದು ರಾತ್ರಿ ಸಮಯ ಉಳಿಸಲು, ಇದ್ದ ಸರ್ವರೊಂದನ್ನು ಹಾಗೆಯೇ ನಕಲು ಮಾಡಿ ಹೊಸದನ್ನು ಎಬ್ಬಿಸಿದೆ. ಹೊಸದಕ್ಕೆ ಬೇರೆ ಐಪಿ ವಿಳಾಸ ಕೊಟ್ಟೆ. ಆದರೆ ಅದರೊಳಗಿನ ಐಕ್ಯೂಎನ್ ಹೆಸರು ಹಳೆಯದೇ ಉಳಿದಿತ್ತು. ಪೆಟ್ಟಿಗೆಯ ಕಣ್ಣಿಗೆ ಇಬ್ಬರೂ ಒಬ್ಬನೇ. ಹಳೆಯ ಸರ್ವರಿನ ಡಿಸ್ಕನ್ನು ಹೊಸದಕ್ಕೂ ತೆರೆದು ಕೊಟ್ಟಿತು. ಎರಡೂ ಸೇರಿ ಬರೆದು ಬೆಳಗಿನ ಹೊತ್ತಿಗೆ ಆ ಡಿಸ್ಕ್ ಓದಲು ಬಾರದಂತಾಗಿತ್ತು. ಬ್ಯಾಕಪ್ ಇದ್ದದ್ದರಿಂದ ಹಿಂದಿನ ದಿನದವರೆಗಿನದು ಸಿಕ್ಕಿತು, ಆ ದಿನದ್ದು ಹೋಯಿತು. ವಿಳಾಸ ಬದಲಿಸಿದರೆ ಸಾಕು, ಆಳು ಬೇರೆಯಾಗುತ್ತಾನೆ ಎಂದುಕೊಂಡದ್ದೇ ನನ್ನ ತಪ್ಪು.

ಹೀಗೆ ತಪ್ಪುಗಳು ಎರಡು ಬಗೆ. ಒಬ್ಬರನ್ನು ಇಬ್ಬರೆಂದು ತಿಳಿಯುವುದು ಒಂದು, ಇಬ್ಬರನ್ನು ಒಬ್ಬರೆಂದು ತಿಳಿಯುವುದು ಇನ್ನೊಂದು.

ಮಾಡುವ ಕ್ರಮ

ಎರಡನೇ ಅವಧಿಯಲ್ಲಿ ಮಕ್ಕಳೊಂದಿಗೆ ಶಾಲೆಯ ಪೆಟ್ಟಿಗೆಗೆ ಹೊಸ ವಿಳಾಸ ಹಾಕಿದೆವು. ದೊಡ್ಡ ಪೆಟ್ಟಿಗೆಗೂ ಕ್ರಮ ಇದೇ ಆದ್ದರಿಂದ ಇಲ್ಲಿ ಬರೆಯುತ್ತೇನೆ. ನಿಮ್ಮ ಅಭ್ಯಾಸ ಶಾಲೆಯಲ್ಲಿ ಉಪಯೋಗಕ್ಕೆ ಬರಬಹುದು.

1. ಮೊದಲು ಕಾಗದ, ಆಮೇಲೆ ಯಂತ್ರ. ವಿಳಾಸಗಳ ಪಟ್ಟಿ ಬರೆಯಿರಿ. ನಮ್ಮದು: 1 ರೌಟರಿಗೆ, 10ರಿಂದ 19 ಸ್ಟೋರೇಜಿಗೆ, 20ರಿಂದ 29 ಪ್ರಿಂಟರಿಗೆ, 100ರಿಂದ 199 ರೌಟರ್ ತಾನಾಗಿ ಹಂಚಲು. ಕೈಯಿಂದ ಕೊಡುವ ವಿಳಾಸ ರೌಟರ್ ಹಂಚುವ ವ್ಯಾಪ್ತಿಯೊಳಗೆ ಬೀಳಬಾರದು. ನಮ್ಮ ತೊಂದರೆಗೆಲ್ಲ ಇದೇ ಮೂಲ.

2. ಪೆಟ್ಟಿಗೆಯ ಮೇಲಿನ ಲೇಬಲ್ ನೋಡಿ ಮ್ಯಾಕ್ ಸಂಖ್ಯೆಯನ್ನು ವಹಿಯಲ್ಲಿ ಬರೆದುಕೊಳ್ಳಿ. ಎರಡು ಕಂಟ್ರೋಲರ್ ಇದ್ದರೆ ಎರಡರದ್ದನ್ನೂ, ಯಾವುದು ಎ ಯಾವುದು ಬಿ ಎಂದು ಸೇರಿಸಿ.

3. ಈಗಿನ ವಿಳಾಸ ಪತ್ತೆಮಾಡಿ. ಅದು 169.254ರಿಂದ ಶುರುವಾಗಿದ್ದರೆ 'ನನಗೆ ಯಾರೂ ವಿಳಾಸ ಕೊಡಲಿಲ್ಲ, ನಾನೇ ಒಂದು ಮಾಡಿಕೊಂಡೆ' ಎಂದರ್ಥ. ಕೇಬಲ್ ಅಥವಾ ರೌಟರ್ ಕಡೆ ನೋಡಿ.

4. ಕೊಡಬೇಕಾದ ಹೊಸ ವಿಳಾಸವನ್ನು ಮೊದಲು ಪಿಂಗ್ ಮಾಡಿ. ಯಾರಾದರೂ ಉತ್ತರಿಸಿದರೆ ಆ ವಿಳಾಸ ಖಾಲಿಯಿಲ್ಲ. ಉತ್ತರ ಬಾರದಿದ್ದರೆ ಖಾಲಿಯೆಂದು ಖಾತ್ರಿಯಿಲ್ಲ, ಆ ಸಾಧನ ಆರಿರಬಹುದು. ಪಟ್ಟಿಯನ್ನೂ ನೋಡಿ.

5. ವಿಳಾಸ, ಮಾಸ್ಕ್, ಗೇಟ್‌ವೇ ಮೂರನ್ನೂ ಒಟ್ಟಿಗೆ ಹಾಕಿ ಉಳಿಸಿ. ಉಳಿಸಿದ ಕ್ಷಣ ನಿಮ್ಮ ಮುಂದಿನ ಪುಟ ನಿಂತುಹೋಗುತ್ತದೆ. ಗಾಬರಿ ಬೇಡ. ನೀವು ಹಳೆಯ ವಿಳಾಸದಲ್ಲಿ ನಿಂತು ಕರೆಯುತ್ತಿದ್ದೀರಿ, ಪೆಟ್ಟಿಗೆ ಹೊಸದಕ್ಕೆ ಹೋಗಿದೆ. ಹೊಸ ವಿಳಾಸದಲ್ಲಿ ತೆರೆಯಿರಿ. ಮಾಸ್ಕ್ ಅಥವಾ ಬೀದಿ ತಪ್ಪಾದರೆ ಮಾತ್ರ ಕೂತ ಕೊಂಬೆಯನ್ನೇ ಕಡಿದಂತೆ. ಎರಡು ಕಂಟ್ರೋಲರ್ ಇದ್ದರೆ ಒಂದನ್ನು ಬದಲಿಸಿ, ಪರೀಕ್ಷಿಸಿ, ಆಮೇಲೆ ಇನ್ನೊಂದು.

6. ದೊಡ್ಡ ಪೆಟ್ಟಿಗೆಗಳಲ್ಲಿ ನಿರ್ವಹಣೆಯ ಪೋರ್ಟ್ ಬೇರೆ, ಕಡತ ಸಾಗುವ ಪೋರ್ಟ್ ಬೇರೆ. ಎರಡಕ್ಕೂ ಬೇರೆ ಬೇರೆ ಬೀದಿ ಕೊಡಿ. ಐಸ್ಕಸಿ ಸಾಮಾನ್ಯವಾಗಿ 3260 ಎಂಬ ಪೋರ್ಟ್ ಸಂಖ್ಯೆಯಲ್ಲಿ ಕೇಳಿಸಿಕೊಳ್ಳುತ್ತದೆ.

7. ಹೆಸರಿನೊಳಗೆ ವಿಳಾಸವನ್ನಾಗಲಿ ಕೋಣೆಯನ್ನಾಗಲಿ ಸೇರಿಸಬೇಡಿ. 'ಮೇಲ್ಮಹಡಿ-20' ಎಂಬ ಪೆಟ್ಟಿಗೆ ನಾಳೆ ಕೆಳಗೆ ಬಂದು 11 ಆದಾಗ ಹೆಸರೇ ಸುಳ್ಳು ಹೇಳುತ್ತದೆ.

8. ಯಾವ ಲನ್ ಯಾರಿಗೆ ಎಂಬ ಅನುಮತಿಯನ್ನು ಗುರುತಿನ ಹೆಸರು ನೋಡಿ ಕೊಡಿ. ನಕಲು ಮಾಡಿ ಎಬ್ಬಿಸಿದ ಯಂತ್ರವಿದ್ದರೆ ಅದರ ಗುರುತನ್ನು ಮೊದಲು ಬದಲಿಸಿ, ಆಮೇಲೆ ಜಾಲಕ್ಕೆ ಸೇರಿಸಿ.

9. ಎಲ್ಲವನ್ನೂ ಬರೆದು ಲ್ಯಾಬಿನ ವಹಿಯಲ್ಲಿ ಇಡಿ. ಮುಂದಿನ ವರ್ಷ ನೀವಿರುವುದಿಲ್ಲ.

ಪ್ರಿಂಟರನ್ನು ಹಾಗೇ ಬಿಟ್ಟು ಪೆಟ್ಟಿಗೆಗೆ 192.168.1.11 ಕೊಟ್ಟೆವು, ರೌಟರ್ ಹಂಚುವ ವ್ಯಾಪ್ತಿಯನ್ನು 100ರಿಂದ ಶುರುವಾಗುವಂತೆ ಮಾಡಿದೆವು, ಪ್ರಿಂಟರಿನ 20ನ್ನು ಕೈಯಿಂದಲೇ ಕಾಯಂ ಮಾಡಿದೆವು. ಎರಡೂ ಒಟ್ಟಿಗೆ ಹಚ್ಚಿದರೂ ಪೆಟ್ಟಿಗೆ ತೆರೆಯಿತು. ಮೊದಲು ತೆರೆದ ಕಡತ ಒಂದು ಸೋಬಾನೆ. ಒಂದು ಮಗು 'ಇದು ನಮ್ಮಜ್ಜಿ' ಎಂದಿತು. ತರಗತಿ ಸುಮ್ಮನಾಯಿತು. ಅದೇ ದಿನ ಆ ಹಾಡುಗಳನ್ನು ಇನ್ನೊಂದು ಡಿಸ್ಕಿಗೂ ನಕಲು ಮಾಡಿದೆವು, ಏಕೆಂದರೆ ವಿಳಾಸ ಸರಿಯಾದ ಮಾತ್ರಕ್ಕೆ ಡಿಸ್ಕ್ ಚಿರಂಜೀವಿಯಾಗುವುದಿಲ್ಲ.

ಮೌಲ್ಯಮಾಪನ

ಲಿಖಿತ ಪರೀಕ್ಷೆಯ ಬದಲು ಒಂದು ವಿಂಗಡಣೆಯ ಚಟುವಟಿಕೆ ಕೊಟ್ಟೆ: ಬಸ್ಸಿನ ಸೀಟ್ ನಂಬರ್, ಹಸುವಿನ ಕಿವಿಯ 12 ಅಂಕಿಯ ಬಿಲ್ಲೆ, ಕೆಎ-10ರ ನೋಂದಣಿ ಸಂಖ್ಯೆ, ಗಾಡಿಯ ಚಾಸಿ ನಂಬರ್, ರೋಲ್ ನಂಬರ್, ಸರ್ವೆ ನಂಬರ್. ಯಾವುದು ವಿಳಾಸ, ಯಾವುದು ಗುರುತು, ಕಾರಣ ಬರೆಯಿರಿ. ಹೆಚ್ಚಿನವರು ಕಿವಿಬಿಲ್ಲೆ ಮತ್ತು ಚಾಸಿಯನ್ನು ಸರಿಯಾಗಿ ಗುರುತಿಸಿದರು. ನೋಂದಣಿ ಸಂಖ್ಯೆಯ ಮೇಲೆ ಜಗಳವಾಯಿತು. ಬೇರೆ ರಾಜ್ಯಕ್ಕೆ ಗಾಡಿ ಹೋಗಿ ನೆಲೆಸಿದರೆ ಅದು ಬದಲಾಗುತ್ತದೆ ಎಂದು ವಾದಿಸಿದವರಿಗೆ ಪೂರ್ಣ ಅಂಕ ಕೊಟ್ಟೆ, ಗುರುತೇ ಎಂದು ಕಾರಣ ಸಹಿತ ಬರೆದವರಿಗೂ ಕೊಟ್ಟೆ. ಮಾಸ್ಕ್ ವಿಷಯ ಮಾತ್ರ ಅನೇಕರಿಗೆ ಹತ್ತಲಿಲ್ಲ. ದ್ವಿಮಾನ ಪದ್ಧತಿಗೆ ಒಂದು ಅವಧಿಯನ್ನು ಮೊದಲೇ ಕೊಡಬೇಕಿತ್ತು. ಮುಂದಿನ ಸಲ ಹಾಗೆ ಮಾಡುತ್ತೇನೆ.

ಪಾಠ ಮುಗಿದ ಮೇಲೆ

ತರಗತಿ ಮುಗಿದ ಸಂಜೆ, ಪ್ರಿಂಟರನ್ನು ಪತ್ತೆಹಚ್ಚಿದ ಅದೇ ಹುಡುಗಿ ಬಂದು ನಿಂತಳು. 'ಮಿಸ್, ನಂಗೆ ಎರಡು ನಂಬರ್ ಅವೆ' ಎಂದಳು. ಅವಳ ತಂದೆತಾಯಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವವರು. ಒಂದು ವರ್ಷ ಅವಳನ್ನೂ ಕರೆದೊಯ್ದು ಅಲ್ಲಿಯ ಶಾಲೆಗೆ ಸೇರಿಸಿದ್ದರು. ವರ್ಗಾವಣೆ ಪತ್ರ ಒಯ್ದಿರಲಿಲ್ಲ. ಅಲ್ಲಿ ಹೊಸ ಮಗುವೆಂದು ಹೊಸ ಸ್ಯಾಟ್ಸ್ ಸಂಖ್ಯೆ ಆಯಿತು. ಹೆಸರಿನ ಕಾಗುಣಿತವೂ ಬೇರೆ. ಈಗ ಒಂದು ಸಂಖ್ಯೆಯಲ್ಲಿ ಅವಳು ಶಾಲೆ ಬಿಟ್ಟವಳು, ಇನ್ನೊಂದರಲ್ಲಿ ಓದುತ್ತಿರುವವಳು. ವಿದ್ಯಾರ್ಥಿವೇತನದ ಅರ್ಜಿ ಎರಡರ ನಡುವೆ ಸಿಕ್ಕಿಕೊಂಡಿತ್ತು.

ಸ್ಯಾಟ್ಸ್ ಸಂಖ್ಯೆಯ ಉದ್ದೇಶವೇ ಮಗು ಯಾವ ಶಾಲೆಗೆ ಹೋದರೂ ಜೊತೆಯಲ್ಲಿ ಹೋಗುವುದು. ರೋಲ್ ನಂಬರ್ ವಿಳಾಸ, ಪ್ರತಿ ವರ್ಷ ಬದಲಾಗಲಿ. ಸ್ಯಾಟ್ಸ್ ಗುರುತು. ಊರು ಬದಲಾದ ಕೂಡಲೇ ಗುರುತನ್ನೂ ಬದಲಿಸಿದ್ದು ಇಲ್ಲಿ ಆದ ತಪ್ಪು. ಒಂದು ಡಿಸ್ಕನ್ನು ಎರಡು ಡಿಸ್ಕೆಂದು ಓದಿದ ಹಾಗೆ. ನಾನು ಸರ್ವರಿನ ವಿಷಯ ಹೇಳುತ್ತಿದ್ದಾಗ ಅವಳು ತನ್ನ ವಿಷಯ ಕೇಳಿಸಿಕೊಂಡಿದ್ದಳು.

ಮುಖ್ಯ ಶಿಕ್ಷಕರಿಗೆ ಹೇಳಿದೆ. ದಾಖಲಾತಿ ವಹಿಯ ಹಳೆಯ ಪುಟ, ಜನನ ಪ್ರಮಾಣಪತ್ರ, ಎರಡೂ ಸಂಖ್ಯೆಗಳನ್ನು ಸೇರಿಸಿ ಅರ್ಜಿ ಬರೆದು ಮೇಲಿನ ಕಚೇರಿಗೆ ಕೊಂಡೊಯ್ದರು. ನಾನು ಇಂಟರ್ನ್‌ಶಿಪ್ ಮುಗಿಸಿ ಹೊರಡುವ ದಿನದವರೆಗೆ ಎರಡನೇ ಸಂಖ್ಯೆ ರದ್ದಾಗಿರಲಿಲ್ಲ. ಕೆಲಸ ನಡೆಯುತ್ತಿದೆ ಎಂದು ಈಚೆಗೆ ಮಾರ್ಗದರ್ಶಕರು ಫೋನಿನಲ್ಲಿ ತಿಳಿಸಿದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಎರಡು. ಲ್ಯಾಬಿನಲ್ಲಿ 'ಕೆಟ್ಟಿದೆ' ಎಂಬ ಚೀಟಿ ಕಂಡರೆ ಅದರ ವಿಳಾಸವನ್ನು ಮೊದಲು ನೋಡಿ. ಹಾಗೆಯೇ, ವರ್ಷದ ನಡುವೆ ಬೇರೆ ಊರಿನಿಂದ ಮಗುವೊಂದು ಬಂದು ಸೇರಿದಾಗ ಹೊಸ ಸಂಖ್ಯೆ ಮಾಡುವ ಮೊದಲು, 'ಹಿಂದೆ ಎಲ್ಲಿ ಓದುತ್ತಿದ್ದೆಯಮ್ಮ?' ಎಂದು ಕೇಳಿ, ಆ ಶಾಲೆಗೆ ಒಂದು ಫೋನ್ ಮಾಡಿ.